ಒಂಬತ್ತು ಕುಣಿಯ ಮೈದಾನದಲ್ಲಿ ಹತ್ತನೆಯದು

ಹೋದ ತಿಂಗಳು ಧಾರವಾಡದಿಂದ ನಮ್ಮ ಹಳೆಯ ಎದುರುಮನೆಯ ಸಾಹೇಬ್ರ ಹೆಂಡತಿ ಫೋನ್ ಮಾಡಿ, “ಮಾಸ್ತರ್ರ, ಇವ್ರು ಹೋದ್ರು” ಎಂದರು. ನಾನು “ಎಲ್ಲಿಗ್ರಿ ವೈನಿ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ತಪ್ಪು ಪೂರ್ತಿ ನನ್ನದೂ ಅಲ್ಲ. ದಾಂಡೇಲಿಯ ನಮ್ಮ ಕಾಲೋನಿಯಲ್ಲಿ ಹದಿನೈದು ವರ್ಷ ಅವರ ಮನೆಯ ಬಾಗಿಲು ತಟ್ಟಿದಾಗಲೆಲ್ಲ ಆ ತಾಯಿ ಹೊರಗೆ ಬಂದು ಹೇಳುತ್ತಿದ್ದ ಮಾತು ಇದೊಂದೇ. ಈಗ ಹೋದ್ರು, ಚಹಾ ಅರ್ಧಕ್ಕೆ ಬಿಟ್ಟು ಹೋದ್ರು, ಅಂಗಿಯ ಗುಂಡಿ ಹಾಕಿಕೊಳ್ಳದೆ ಹೋದ್ರು. ಆ ಕಡೆಯಿಂದ ಅಳುತ್ತಲೇ ಸಣ್ಣಗೆ ನಕ್ಕ ಸದ್ದು ಕೇಳಿತು. ಈ ಸಲ ಹೇಳಿ ಹೋಗಲಿಲ್ಲ ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಹಿಂದೆ ಒಂದು ಸುಳ್ಳಿದೆ. ಆ ಸುಳ್ಳಿನಿಂದ ಒಂದು ಮನೆಯವರು ಈಗಲೂ ಉಣ್ಣುತ್ತಿದ್ದಾರೆ. ಆ ಮನೆಯವನ ಹೆಸರನ್ನು ಬದಲಿಸಿದ್ದೇನೆ, ಜಾಗವನ್ನೂ ಸ್ವಲ್ಪ ಅತ್ತಿತ್ತ ಸರಿಸಿದ್ದೇನೆ. ಉಳಿದದ್ದೆಲ್ಲ ನಡೆದದ್ದು. ಬರೆಯದೆ ಇರಲು ನೋಡಿದೆ, ಆಗಲಿಲ್ಲ. ಫೋನ್ ಬಂದಾಗಿನಿಂದ ನನಗೂ ಅವರ ರೋಗ ಹತ್ತಿದಂತಾಗಿದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು.

ಅವರು ನಮ್ಮ ಕಾರ್ಖಾನೆಯಲ್ಲಿ ಸರ್ವೇಯರ್ ಆಗಿದ್ದರು. ಕಾಲೋನಿಯ ಮಂದಿಗೆಲ್ಲ ಅವರು ಸರ್ವೇ ಸಾಹೇಬ್ರು. ನಾನು ಕಾಲೋನಿಯ ಶಾಲೆಯಲ್ಲಿ ಕನ್ನಡ ಮಾಸ್ತರ. ನಮ್ಮಿಬ್ಬರ ಕ್ವಾರ್ಟರ್ಸ್ ಎದುರುಬದುರು. ಅವರು ನಿಂತುಕೊಂಡೇ ಉಣ್ಣುತ್ತಿದ್ದರು. ಕೈಯಲ್ಲಿ ತಾಟು ಹಿಡಿದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಅಡ್ಡಾಡುತ್ತ ಅನ್ನ ಮುಗಿಸುತ್ತಿದ್ದರು. ಪಡಸಾಲೆ ಎಷ್ಟು ಹೆಜ್ಜೆ, ಒಂದು ಊಟಕ್ಕೆ ಎಷ್ಟು ಸುತ್ತು, ಹಬ್ಬದ ಊಟಕ್ಕೆ ಎಷ್ಟು ಹೆಚ್ಚು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮದುವೆಮನೆಗೆ ಹೋದರೆ ಚಪ್ಪರದ ಕಂಬಗಳ ನಡುವಿನ ಅಂತರ ಅಳೆದು, ಒಂದು ಕಂಬ ಸೊಟ್ಟಗಿದೆ ಎಂದು ಬೀಗರಿಗೆ ಹೇಳಿ ಬಂದವರು. “ಕಣ್ಣು ಸುಳ್ಳ ಹೇಳ್ತಾವ, ಮಂದಿ ಸುಳ್ಳ ಹೇಳ್ತಾರ, ಅಳತಿ ಹೇಳೂದಿಲ್ಲ” ಎಂಬುದು ಅವರ ಗಾದೆ. ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಅದರ ಮೇಲೆ ಸಿಟ್ಟೇ ಬಂದಿತ್ತು.

ಕಾಲೋನಿಗೆ ಒಂದು ಗಾಲ್ಫ್ ಮೈದಾನವಿತ್ತು. ಹಿಂದಿನ ಯಾವನೋ ಮ್ಯಾನೇಜರ್ ಹಳಿಯಾಳ ರಸ್ತೆಯ ಬದಿಯ ಹುಲ್ಲುಗಾವಲಿನಲ್ಲಿ ಒಂಬತ್ತು ಕುಣಿ ತೋಡಿಸಿ ಕ್ಲಬ್ಬು ಮಾಡಿಸಿ ಹೋಗಿದ್ದ. ದೊಡ್ಡ ಊರುಗಳಲ್ಲಿ ಕುಣಿಯ ಸುತ್ತ ಮೆತ್ತನೆಯ ಹುಲ್ಲು ಬೆಳೆಸಿ ದಿನಾ ನೀರು ಕುಡಿಸುತ್ತಾರಂತೆ. ನಮ್ಮದು ಬಡವರ ಗಾಲ್ಫು. ಮರಳಿಗೆ ಹಳೆಯ ಎಂಜಿನ್ ಎಣ್ಣೆ ಕಲಸಿ, ಬಡಿದು, ಕುಣಿಯ ಸುತ್ತ ದುಂಡಗೆ ಒಂದು ಕರಿ ಅಂಗಳ ಮಾಡುತ್ತಿದ್ದರು. ಅದಕ್ಕೆ ಬ್ರೌನ್ ಎಂದು ಹೆಸರು. ಚೆಂಡು ಆ ಅಂಗಳಕ್ಕೆ ಬಂದ ಮೇಲೆ ಮೆಲ್ಲಗೆ ಉರುಳಿಸಿ ಕುಣಿಗೆ ಬೀಳಿಸಬೇಕು. ಕೋಲು ಹಿಡಿಯಲು ಬಾರದ ನನ್ನನ್ನು ಕ್ಲಬ್ಬಿಗೆ ಕಾರ್ಯದರ್ಶಿ ಮಾಡಿಕೊಂಡದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಸಭೆಯ ಠರಾವು ಬರೆಯುವುದು ನನ್ನ ಕೆಲಸ.

ಅವರು ಆಟಕ್ಕೆ ಬಂದದ್ದು ಬ್ರೌನುಗಳ ಮಟ್ಟ ನೋಡಲು. ನೋಡಿ ಹೋಗುವ ಬದಲು ಅಲ್ಲೇ ಉಳಿದುಬಿಟ್ಟರು. ಆಟ ಅವರಿಗೆ ಬರುತ್ತಿರಲಿಲ್ಲ. ಕೋಲು ಎತ್ತಿದರೆ ಕಾಲು ಮೊದಲೇ ಹೊರಡುತ್ತಿತ್ತು. ಚೆಂಡು ಎತ್ತಲೋ, ಅವರು ಎತ್ತಲೋ. ಆದರೆ ಹೊಡೆಯುವುದಕ್ಕಿಂತ ಮುಂಚಿನ ಲೆಕ್ಕಾಚಾರ ಅವರನ್ನು ಹಿಡಿದುಕೊಂಡಿತು. ಎಲ್ಲಿ ನಿಂತು, ಎಷ್ಟು ದೂರಕ್ಕೆ, ಯಾವ ಕೋಲಿನಲ್ಲಿ, ಯಾವ ಮರದ ಯಾವ ಮಗ್ಗುಲಿಗೆ ಹೊಡೆಯಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಎಂಥ ದಡ್ಡನೂ ಗೆಲ್ಲಬಹುದು ಎಂಬುದು ಅವರ ಸಿದ್ಧಾಂತ. ಆ ದಡ್ಡ ನೀವೇ ಏನ್ರಿ ಎಂದು ನಾನು ಕೇಳಿದರೆ, ಪ್ರಯೋಗಕ್ಕೆ ಬೇರೆ ಯಾರು ಸಿಗತಾರ ಎನ್ನುತ್ತಿದ್ದರು.

ಆ ಹೊತ್ತಿಗೆ ಅವರ ಕೈಗೆ ಆ ಯಂತ್ರ ಬಂತು. ಕ್ಯಾಸಲ್‌ರಾಕ್‌ನಲ್ಲಿ ರೈಲು ಹಳಿಯ ಅಳತೆಗೆ ಬಂದಿದ್ದ ಗುತ್ತಿಗೆದಾರನೊಬ್ಬ ಕೆಲಸ ಮುಗಿಸಿ ಹೋಗುವಾಗ ಇವರಿಗೆ ಮಾರಿದ್ದ. ಸಾಬೂನು ಡಬ್ಬಿಯಷ್ಟು ದೊಡ್ಡದು, ಹಳದಿ ಬಣ್ಣ, ಮೇಲೊಂದು ಮಸುಕು ಗಾಜು. ಆಕಾಶದ ಉಪಗ್ರಹಗಳ ಸುದ್ದಿ ಹಿಡಿದು ನಾವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೇವೆ ಎಂದು ಹೇಳುವ ಜಿಪಿಎಸ್ ಅದು. ಕಡಿಮೆಯೆಂದರೆ ನಾಲ್ಕು ಉಪಗ್ರಹ ಸಿಗಬೇಕು, ಸಾಗವಾನಿಯ ಕೆಳಗೆ ನಿಂತರೆ ಒಂದೂ ಸಿಗುವುದಿಲ್ಲ. ಹಾಗಾಗಿ ಸರ್ವೇ ಸಾಹೇಬ್ರು ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನು ಹಿಡಿದು ಬಯಲಿಗೆ ಬಂದು, ತಲೆ ಮೇಲೆತ್ತಿ ಗಿರಗಿರ ತಿರುಗುತ್ತಿದ್ದರು. ಮೂರು ಸಿಕ್ಕವು, ನಾಲ್ಕನೇದು ಬರವಲ್ದು ಎಂದು ಕೂಗುತ್ತಿದ್ದರು. ವೈನಿ ಒಳಗಿನಿಂದ, ಮನೆಯೊಳಗೆ ಇದ್ದವರು ಕರೆದರೆ ಬರುವುದಿಲ್ಲ, ಆಕಾಶದಲ್ಲಿದ್ದದ್ದನ್ನು ಕರೆಯುತ್ತ ನಿಂತಿದ್ದಾರೆ ಎಂದು ಗೊಣಗುತ್ತಿದ್ದರು.

ಒಂದೊಂದು ಕುಣಿಗೂ ಒಂದೊಂದು ಪುಟದಂತೆ ನೋಟುಬುಕ್ಕು ತಯಾರಾಯಿತು. ಹೊಡೆತ ಶುರುವಾಗುವ ಕಟ್ಟೆಯಿಂದ ಮತ್ತಿಮರಕ್ಕೆ ಎಷ್ಟು ಮೀಟರ್, ಮರದಿಂದ ನಡುದಾರಿಯ ನೀರುಗುಂಡಿಗೆ ಎಷ್ಟು, ಗುಂಡಿಯಿಂದ ಬ್ರೌನಿಗೆ ಎಷ್ಟು. ಪ್ರತಿ ಕೋಲಿನಿಂದ ಇಪ್ಪತ್ತಿಪ್ಪತ್ತು ಚೆಂಡು ಹೊಡೆದು, ತನ್ನ ಐದನೇ ನಂಬರಿನ ಕೋಲು ಎಷ್ಟು ದೂರದ್ದು, ಏಳನೆಯದು ಎಷ್ಟು ದೂರದ್ದು ಎಂದು ಸರಾಸರಿ ತೆಗೆದಿದ್ದರು. ಮೂರನೆಯ ಕುಣಿಯಲ್ಲಿ ಎಲ್ಲರೂ ಒಂದೇ ಏಟಿಗೆ ಗುಂಡಿ ದಾಟಿಸಲು ಹೋಗಿ ಚೆಂಡು ಕಳೆದುಕೊಳ್ಳುತ್ತಿದ್ದರು. ಇವರು ಪುಟ ತೆರೆದು, ಗುಂಡಿಯ ಈಚೆ ಒಂದು ಸಣ್ಣ ಏಟು, ಆಚೆ ಒಂದು ಸಣ್ಣ ಏಟು ಎಂದು ಬರೆದಂತೆ ಆಡಿ ಎಲ್ಲರನ್ನೂ ಹಿಂದೆ ಹಾಕಿದರು. ಅಂಬಿಕಾನಗರದಿಂದ ಆಡಲು ಬಂದಿದ್ದ ಎಂಜಿನಿಯರೊಬ್ಬರು ಆ ನೋಟುಬುಕ್ಕನ್ನು ಕೇಳಿ ಪಡೆದು ನೋಡಿದರು. ಅವತ್ತು ಸಾಹೇಬ್ರ ಕಾಲು ನೆಲದ ಮೇಲೆ ಇರಲಿಲ್ಲ.

ಈ ವಿದ್ಯೆಗೆ ತಲೆಬಾಗದವನು ಒಬ್ಬನೇ, ಬಸ್ತ್ಯಾಂವ. ಮೈದಾನದ ಹುಲ್ಲು ಕೊಯ್ಯುವುದು, ಬ್ರೌನಿಗೆ ಎಣ್ಣೆ ಹಾಕುವುದು, ಆಟದ ಹೊತ್ತಿಗೆ ಸಾಹೇಬರ ಕೋಲಿನ ಚೀಲ ಹೊರುವುದು ಎಲ್ಲ ಅವನದೇ. ಸಿದ್ದಿ ಮನೆತನ. ಅಪ್ಪನ ಕಾಲದಿಂದ ಮೈದಾನದ ಹಿಂದೆ ಹಳ್ಳದ ಆಚೆ ಮನೆ, ಅರ್ಧ ಎಕರೆ ಭತ್ತದ ಗದ್ದೆ. ಹಳ್ಳವೇ ಕ್ಲಬ್ಬಿನ ಗಡಿ ಎಂದು ನಾವೆಲ್ಲ ತಿಳಿದಿದ್ದೆವು. ಯಂತ್ರ ನೂರಾ ನಲವತ್ತು ಮೀಟರ್ ಎಂದರೆ ಅವನು ಗಾಳಿಗೆ ಮುಖ ಒಡ್ಡಿ, ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇವತ್ತು ನೂರಾ ಅರವತ್ತು ಅಂತ ತಿಳಕೊಂಡು ಹೊಡೀರಿ ಎನ್ನುತ್ತಿದ್ದ. ದೂರ ದಿನಕ್ಕೊಂದು ಆಗುವುದಿಲ್ಲ ಎಂದು ಇವರು. ಹೊಡೆಯುವವರು ದಿನಕ್ಕೊಂದು ಆಗುತ್ತಾರಲ್ಲ ಎಂದು ಅವನು. ಏಟು ತಪ್ಪಿದರೆ ಬಸ್ತ್ಯಾಂವ ಮುಲಾಜಿಲ್ಲದೆ ಬೈಯುತ್ತಿದ್ದ. ಮಿಕ್ಕ ಮೆಂಬರುಗಳಿಗೆ ಅವನು ಹಾಗೆ ಬೈದದ್ದಿಲ್ಲ. ಸಾಹೇಬ್ರು ಆ ಬೈಗುಳಕ್ಕಾಗಿಯೇ ಬೇರೆ ಯಾರ ಕೈಗೂ ತಮ್ಮ ಚೀಲ ಕೊಡುತ್ತಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ.

ದಾಂಡೇಲಿಯ ಪೇಟೆಯಲ್ಲಿ ಸೈಬರ್ ಸೆಂಟರ್ ಬಂದು, ಅಲ್ಲಿ ಆಕಾಶದಿಂದ ತೆಗೆದ ಭೂಮಿಯ ಚಿತ್ರ ನೋಡಬಹುದು ಎಂದು ಸುದ್ದಿಯಾದಾಗ ನನ್ನನ್ನೂ ಎಳೆದುಕೊಂಡು ಹೋದರು. ಪರದೆಯ ಮೇಲೆ ಮೊದಲು ಬರೀ ಹಸಿರು ಗಂಜಿ. ಆಮೇಲೆ ಚೌಕ ಚೌಕವಾಗಿ ಊರು ಮೂಡತೊಡಗಿತು. ಕಾಳಿ ನದಿ, ಕಾರ್ಖಾನೆಯ ತಗಡಿನ ಚಾವಣಿ, ನಮ್ಮ ಮೈದಾನ. ಸಾಹೇಬ್ರು ಕುರ್ಚಿಯ ಹಿಂದೆ ನಿಂತು ಬ್ರೌನುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನನ್ನ ಕೈಯಿಂದಲೂ ಎಣಿಕೆ ಮಾಡಿಸಿದರು. ಒಂಬತ್ತು ಕುಣಿಯ ಮೈದಾನದಲ್ಲಿ ಹತ್ತು ದುಂಡು ಅಂಗಳ ಕಾಣುತ್ತಿದ್ದವು. ಹತ್ತನೆಯದು ಏಳನೆಯ ಬ್ರೌನಿನ ಹಿಂದೆ, ಹಳ್ಳದ ಆಚೆ. ಅದರ ಅಕ್ಷಾಂಶ ರೇಖಾಂಶ ಚೀಟಿಯಲ್ಲಿ ಬರೆದುಕೊಂಡು, ಅಲ್ಲಿಂದ ನೇರ, ಬಿಸಿಲಿನಲ್ಲಿ ನನ್ನನ್ನು ಓಡಿಸಿಕೊಂಡು ಹೊರಟರು.

ಯಂತ್ರ ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಬಸ್ತ್ಯಾಂವನ ಕಣದಲ್ಲಿ. ಭತ್ತ ತುಳಿಸಿ ಮುಗಿದಿತ್ತು. ನಡುವಿನ ಮೇಟಿಕಂಬ ಕಿತ್ತು ಬದಿಗಿಟ್ಟಿದ್ದರು. ಸೆಗಣಿ ಸಾರಿಸಿದ ನುಣ್ಣನೆಯ ಅಂಗಳದಲ್ಲಿ ಬಸ್ತ್ಯಾಂವ ಮುರಿದ ಕೋಲೊಂದಕ್ಕೆ ಬಿದಿರಿನ ಹಿಡಿ ಕಟ್ಟಿಕೊಂಡು, ಬಗ್ಗಿ, ಆರಾಮಾಗಿ ಚೆಂಡು ಉರುಳಿಸುತ್ತಿದ್ದ. ಚೆಂಡು ಹೋಗಿ ಮೇಟಿಯ ಕುಣಿಗೆ ಬೀಳುತ್ತಿತ್ತು. ಇನ್ನೊಂದು, ಮತ್ತೊಂದು, ಎಲ್ಲವೂ ಅಲ್ಲಿಗೇ. ನಮ್ಮನ್ನು ಕಂಡು ಕೋಲು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಕ್ಲಬ್ಬಿನ ಕೆಲಸಗಾರರು ಆಡಬಾರದು ಎಂಬ ಕಟ್ಟಳೆ ಇತ್ತು. ಸಾಹೇಬ್ರು ಮಾತ್ರ ಮೊಣಕಾಲೂರಿ, ಜೇಬಿನಿಂದ ಮಟ್ಟಗೋಲು ತೆಗೆದು ನೆಲದ ಮೇಲಿಟ್ಟು ನೋಡಿದರು. ಒಂಬತ್ತೂ ಬ್ರೌನುಗಳಿಗಿಂತ ಈ ನೆಲದ ಮಟ್ಟ ಚೆನ್ನಾಗಿದೆ ಎಂದು ತೀರ್ಪು ಕೊಟ್ಟು, ನನಗೂ ಕಲಿಸು ಎಂದರು.

ಅಲ್ಲಿಂದ ಎರಡು ವರ್ಷ, ಸುಗ್ಗಿ ಮುಗಿದು ಮಳೆ ಹಿಡಿಯುವವರೆಗೆ, ಸಂಜೆಯ ಹೊತ್ತು ಅವರು ಆ ಕಣದಲ್ಲಿ ಇರುತ್ತಿದ್ದರು. ನೋಟುಬುಕ್ಕಿನಲ್ಲಿ ಹತ್ತನೆಯದೆಂದು ಅದಕ್ಕೂ ಒಂದು ಪುಟ ಕೊಟ್ಟರು. ಬಸ್ತ್ಯಾಂವನ ಹೆಂಡತಿ ಕರಿ ಚಹಾ ತಂದರೆ, ನಾನು ನೋಡಿದಂತೆ ಅವರು ಕೂತು ಕುಡಿದ ಚಹಾ ಅದೊಂದೇ. ಅವನು ಬೈಯುವುದು, ಇವರು ವಾದ ಮಾಡುವುದು, ಅಲ್ಲಿಯೂ ನಿಲ್ಲಲಿಲ್ಲ. ಇಬ್ಬರ ಮುಖವೂ ಬೆಳಗಿರುತ್ತಿತ್ತು.

ಇಷ್ಟರಲ್ಲಿ ಏಳನೆಯ ಕುಣಿಯ ಹುಚ್ಚು ಅವರಿಗೆ ಹತ್ತಿತು. ಅದು ಕಟ್ಟೆಯಿಂದ ಒಂದೇ ಏಟಿಗೆ ಬ್ರೌನು ಮುಟ್ಟುವ ಗಿಡ್ಡ ಕುಣಿ. ಇಲ್ಲಿ ಕೈಗೆ ಕೆಲಸ ಇದೆ, ತಲೆಗೆ ಇಲ್ಲ; ಬ್ರೌನನ್ನು ಹಿಂದಕ್ಕೆ ಸರಿಸಿ ಇದನ್ನು ಉದ್ದ ಮಾಡಿದರೆ ಎರಡು ಏಟಿನ ಲೆಕ್ಕ ಹಾಕಬೇಕಾಗುತ್ತದೆ, ಆಗ ಆಟ ಆಟವಾಗುತ್ತದೆ ಎಂದು ಎಲ್ಲರ ಮುಂದೆಯೂ ಹೇಳುತ್ತ ತಿರುಗಿದರು. ಹಿಂದಿನ ಮಳೆಗಾಲದ ಕೊನೆಗೆ ಹಳಿಯಾಳ ರಸ್ತೆಯ ಕಡೆಯಿಂದ ಬಿದಿರು ಮೆಳೆಯೊಳಗೆ ನುಗ್ಗಿದ್ದಾಗ ಕ್ಲಬ್ಬಿನ ಹಳೆಯ ಗುರುತು ಕೆತ್ತಿದ ಗಡಿಕಲ್ಲೊಂದು ಅವರ ಕಣ್ಣಿಗೆ ಬಿದ್ದಿತ್ತು. ಕಂಡದ್ದನ್ನೆಲ್ಲ ಯಂತ್ರಕ್ಕೆ ತುಂಬುವ ಚಟ, ಬಿದಿರಿನ ಸಂದಿನಲ್ಲಿ ಆಕಾಶ ಕಂಡದ್ದರಿಂದ ಅದನ್ನೂ ತುಂಬಿಟ್ಟಿದ್ದರು. ಈಗ ಮನೆಯಲ್ಲಿ ಅಡ್ಡಾಡುತ್ತ ಆ ಅಂಕಿಯನ್ನು ಏಳನೆಯ ಬ್ರೌನಿನ ಅಂಕಿಯಿಂದ ಕಳೆದು ನೋಡಿದರು. ನಡುವೆ ಅರವತ್ತು ಮೀಟರಿಗಿಂತ ಹೆಚ್ಚು ಕ್ಲಬ್ಬಿನ ಜಾಗ ಬಿದ್ದಿದೆ ಎಂದು ಆ ಹೊತ್ತೇ ಸಮಿತಿಗೆ ಪತ್ರ ಬರೆದು, ನನ್ನ ಕೈಗೇ ಕೊಟ್ಟರು. ನಾನು ಸಭೆಯಲ್ಲಿ ಓದಿದೆ. ಅಧ್ಯಕ್ಷರು ಬಹಳ ಖುಷಿಪಟ್ಟರು. ಮುಂದಿನ ಸಭೆಗೆ ನಕ್ಷೆಯ ಮೇಲೆ ಗಡಿ ಗೆರೆ ಎಳೆದು ತನ್ನಿ, ಬೇಸಿಗೆಯಲ್ಲಿ ಕೆಲಸ ಮುಗಿಸೋಣ ಎಂದರು.

ನಕ್ಷೆಯ ಮೇಲೆ ಗೆರೆ ಎಳೆದದ್ದು ನಮ್ಮ ಮನೆಯ ಮೇಜಿನ ಮೇಲೆ. ಹುಬ್ಬಳ್ಳಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದ್ದ ಉಪಗ್ರಹ ಚಿತ್ರ ಹಾಸಿ, ಅಳತೆಪಟ್ಟಿ ಇಟ್ಟು, ಗಡಿಕಲ್ಲಿನ ಜಾಗದಲ್ಲಿ ಪೆನ್ಸಿಲ್ಲಿನಿಂದ ಚುಕ್ಕಿ ಇಟ್ಟರು. ಚುಕ್ಕಿ ಹಳ್ಳದ ಈಚೆ ಬೀಳಲಿಲ್ಲ. ಹಳ್ಳ ದಾಟಿ, ಗದ್ದೆ ದಾಟಿ, ಆಚೆಯ ಬಿದಿರಿನಲ್ಲಿ ಬಿತ್ತು. ಬ್ರೌನಿಗೂ ಚುಕ್ಕಿಗೂ ನಡುವೆ ಬಸ್ತ್ಯಾಂವನ ಕಣ, ಗದ್ದೆ, ಮನೆಯ ಹಂಚು ಎಲ್ಲವೂ ಕ್ಲಬ್ಬಿನ ಒಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಎರಡು ಅಂಕಿಗಳನ್ನು ಕಳೆದು ನೋಡಿದ ಮನುಷ್ಯ ಅವುಗಳ ನಡುವೆ ಏನಿದೆ ಎಂದು ನೋಡಿರಲಿಲ್ಲ. ತಾನೇ ಎರಡು ವರ್ಷ ಚಹಾ ಕುಡಿದ ಜಾಗ ಅದು. ಪೆನ್ಸಿಲ್ ಕೆಳಗಿಟ್ಟು, ಯಂತ್ರ ತಪ್ಪಿರಬೇಕು ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಬಸ್ತ್ಯಾಂವ ಹಳಿಯಾಳದ ಸಂತೆಗೆ ಹೋಗುವ ದಿನ ನೋಡಿ ನಾವಿಬ್ಬರೂ ಹೋದೆವು. ಬಿದಿರು ಮುಳ್ಳಿನಲ್ಲಿ ಕಲ್ಲು ಇದ್ದಲ್ಲೇ ಇತ್ತು, ಗುರುತೂ ಅಳಿಸಿರಲಿಲ್ಲ. ಅವರು ಮೂರು ಸಲ ಯಂತ್ರ ಆರಿಸಿ ಹಚ್ಚಿ ನೋಡಿದರು. ನಂಬದೆ ಬ್ರೌನಿನಿಂದ ಕಲ್ಲಿನವರೆಗೆ ಟೇಪು ಹಿಡಿದು ಅಳೆದರು, ಒಂದು ತುದಿ ನನ್ನ ಕೈಯಲ್ಲಿ. ಯಂತ್ರ ಎರಡು ಮೀಟರ್ ಕೂಡ ತಪ್ಪಿರಲಿಲ್ಲ. ಅಳತಿ ಸುಳ್ಳು ಹೇಳುವುದಿಲ್ಲ ಎಂದು ದಿನಾ ಕೇಳಿ ಸಿಟ್ಟಾಗುತ್ತಿದ್ದ ನಾನು ಅವತ್ತು ಅದು ಒಂದು ಸಲವಾದರೂ ಹೇಳಲಿ ಎಂದು ಬೇಡಿಕೊಂಡೆ.

ಅವರು ಗದ್ದೆಯ ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ತಮ್ಮ ಹಳೆಯ ಕತೆಯೊಂದನ್ನು ಹೇಳಿದರು. ಹುಡುಗರಾಗಿದ್ದಾಗ ಜೋಯಿಡಾ ಕಡೆ, ಅಣೆಕಟ್ಟಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಊರೂರಿಗೆ ಹೋಗಿ ಕೆಂಪು ಬಣ್ಣದಲ್ಲಿ ಗೆರೆ ಹಚ್ಚುವ ಕೆಲಸ ಅವರದಾಗಿತ್ತು. ಒಂದು ಮನೆಯ ಗೋಡೆಗೆ ಗೆರೆ ಹಚ್ಚಿ ಇಳಿದಾಗ ಆ ಮನೆಯ ಮುದುಕಿ ಮಜ್ಜಿಗೆ ಕೊಟ್ಟು, ಒಲೆ ಮುಳುಗುತ್ತದೋ ಎಂದು ಕೇಳಿದಳಂತೆ. ಇವರು ಗೆರೆ ನೋಡಿ, ಒಲೆ ಮುಳುಗುತ್ತದೆ, ಅಟ್ಟ ಮುಳುಗುವುದಿಲ್ಲ ಎಂದರಂತೆ. ಹಾಗಾದರೆ ಅಟ್ಟ ಉಳಿಯಿತಲ್ಲ ಎಂದು ಮುದುಕಿ ಸಮಾಧಾನಪಟ್ಟುಕೊಂಡು, ಇವರ ಎದುರಿಗೇ ಪಾತ್ರೆ ಪಗಡ ಅಟ್ಟಕ್ಕೆ ಏರಿಸತೊಡಗಿದಳಂತೆ.

“ನನ್ನ ಅಳತಿ ಖರೇನ ಇತ್ತು ನೋಡ್ರಿ ಮಾಸ್ತರ್ರ” ಎಂದರು. “ಒಂದು ಗೇಣೂ ತಪ್ಪಲಿಲ್ಲ. ಅವತ್ತಿನಿಂದ ನನಗ ಕೂತಲ್ಲಿ ಕೂಡ್ಲಿಕ್ಕೆ ಆಗೂದಿಲ್ಲ.”

ಏನು ಮಾಡುತ್ತೀರಿ ಎಂದು ಕೇಳಿದೆ. ಬದುವಿನ ಕೊನೆಯವರೆಗೆ ನಡೆದು ತಿರುಗಿ ಬಂದರು. ಬಸ್ತ್ಯಾಂವನಿಗೆ ಹೇಳಿಬಿಡೋಣ, ಅವನಾದರೂ ಯಾರನ್ನಾದರೂ ಹಿಡಿದು ಏನಾದರೂ ಮಾಡಿಕೊಳ್ಳಲಿ ಎಂದೆ. ಅದಕ್ಕೆ ಮಾತ್ರ ಸಿಡಿದುಬಿದ್ದರು.

“ಅಂವಗ ಗೊತ್ತಾದ್ರ ನಾಳಿಂದ ನನಗ ಕೈ ಮುಗೀಲಿಕ್ಕೆ ಶುರು ಮಾಡ್ತಾನ. ಬೈಯೂದು ಬಿಡ್ತಾನ. ಆಮ್ಯಾಲ ನಾ ಯಾರ ಕೂಡ ಆಡ್ಲಿ?”

ಸಭೆಯ ದಿನ ಕ್ಲಬ್ಬಿನ ಹಾಲ್ ತುಂಬ ಜನ. ಅಧ್ಯಕ್ಷರು ನಕ್ಷೆ ಎಲ್ಲಿ ಎಂದರು. ಸಾಹೇಬ್ರು ಎದ್ದು ನಿಂತರು. ನಿಂತಲ್ಲೇ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಇಟ್ಟು, ತಾವು ನೋಡಿದ್ದು ಗಡಿಕಲ್ಲು ಅಲ್ಲ, ಯಾವುದೋ ಕಾಡುಕಲ್ಲು; ಯಂತ್ರವೂ ನಲವತ್ತು ಮೀಟರ್ ತಪ್ಪು ತೋರಿಸುತ್ತಿದೆ; ಗಡಿ ಹಳ್ಳವೇ, ಏಳನೆಯ ಕುಣಿಗೆ ಜಾಗವಿಲ್ಲ ಎಂದರು. ಅಂಬಿಕಾನಗರದ ಎಂಜಿನಿಯರಿಗೆ ನೋಟುಬುಕ್ಕು ತೋರಿಸಿದ್ದ ದಿನ ಅಲ್ಲಿದ್ದ ಮೆಂಬರೊಬ್ಬರು, ಹಾಗಾದರೆ ಇಷ್ಟು ವರ್ಷ ನಮಗೆಲ್ಲ ಹೇಳಿದ ಅಳತೆಗಳ ಗತಿ ಏನು ಎಂದು ಕೇಳಿದರು. ಅವರು ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟರು.

“ಇದೂ ತಪ್ಪದ. ಎಲ್ಲಾ ತಪ್ಪವ.”

ಸಭೆಯಲ್ಲಿ ನಗು ಎದ್ದಿತು. ಯಾರೋ ಮೂರನೆಯ ಕುಣಿಯಲ್ಲಿ ಗೆದ್ದದ್ದು ಹೇಗೆ ಎಂದು ಕೇಳಿದರು. ಇನ್ಯಾರೋ ಉಪಗ್ರಹಕ್ಕೆ ನೆಗಡಿ ಆಗಿರಬೇಕು ಎಂದರು. ಒಬ್ಬರು ಮಾತ್ರ ಅಳತೆಯ ಸರಪಳಿ ಹಿಡಿದು ಮತ್ತೆ ಅಳೆಯಬಹುದಲ್ಲ ಎಂದರು. ಅದಕ್ಕೆ ಬಿದಿರು ಕಡಿಯಬೇಕು, ಬಿದಿರು ಕಡಿಯಲು ಅರಣ್ಯದವರ ಅಪ್ಪಣೆ ಬೇಕು, ಅಪ್ಪಣೆ ಬರುವ ಹೊತ್ತಿಗೆ ಮಳೆ ಹಿಡಿಯುತ್ತದೆ ಎಂದು ಸಾಹೇಬ್ರು ಕಾಗದದ ಹಾದಿ ಹೇಳಿದರು. ಅಧ್ಯಕ್ಷರಿಗೆ ಬೇಸರ ಬಂತು, ವಿಷಯ ಬಿಟ್ಟರು. ಯಂತ್ರದ ದೋಷದಿಂದ ಅಳತೆ ನಂಬಲರ್ಹವಲ್ಲ, ಏಳನೆಯ ಕುಣಿ ಇದ್ದಂತೆಯೇ ಇರತಕ್ಕದ್ದು ಎಂದು ನಾನು ಠರಾವು ಬರೆದೆ. ಟೇಪಿನ ಇನ್ನೊಂದು ತುದಿ ಹಿಡಿದ ಕೈಯಿಂದಲೇ ಬರೆದೆ. ಎಲ್ಲರೂ ನಗುವ ಹೊತ್ತಿಗೆ ನಾನೂ ನಕ್ಕೆ. ಅದು ಬೇಕಿರಲಿಲ್ಲ. ತಲೆ ಬಗ್ಗಿಸಿ ಬರೆಯುತ್ತಿದ್ದರೆ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ಹತ್ತು ಜನ ನಗುವಾಗ ಒಬ್ಬನೇ ಸುಮ್ಮನಿರಲು ಬೇಕಾದ ಎದೆ ನನಗಿರಲಿಲ್ಲ.

ಅಲ್ಲಿಂದ ಮುಂದೆ ಅವರು ಸರ್ವೇ ಸಾಹೇಬ್ರಾಗಿ ಉಳಿಯಲಿಲ್ಲ, ನಲವತ್ತು ಮೀಟರ್ ಸಾಹೇಬ್ರಾದರು. ಕಾಲೋನಿಯಲ್ಲಿ ಯಾರ ಮನೆಯ ಕಟ್ಟೆ ಸೊಟ್ಟಗಾದರೂ, ಯಾರ ಚೆಂಡು ಹಳ್ಳಕ್ಕೆ ಬಿದ್ದರೂ ನಲವತ್ತು ಮೀಟರಿನ ಮಾತು ಬರುತ್ತಿತ್ತು. ಕಾರ್ಖಾನೆಯಲ್ಲೂ ಅವರ ಅಳತೆಯ ಮೇಲೆ ಇನ್ನೊಬ್ಬರನ್ನು ಕಳಿಸಿ ಅಳೆಸತೊಡಗಿದರು. ಒಂದು ಗೇಣು ತಪ್ಪದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಏಟು ನಾನು ಕಾಣೆ. ಅವರು ಯಂತ್ರವನ್ನು ಮತ್ತೆ ಹೊರಗೆ ತೆಗೆಯಲಿಲ್ಲ. ನೋಟುಬುಕ್ಕಿಲ್ಲದೆ, ಬಸ್ತ್ಯಾಂವ ಹೇಳಿದ ಕೋಲಿನಲ್ಲಿ, ಬಸ್ತ್ಯಾಂವ ಹೇಳಿದ ಕಡೆ ಹೊಡೆಯುತ್ತಿದ್ದರು, ತಪ್ಪಿಸುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನಕ್ಕವನು ಬಸ್ತ್ಯಾಂವ. ನಮ್ಮ ಸಾಹೇಬ್ರಿಗೆ ಆಕಾಶದಲ್ಲಿ ನಾಲ್ಕು ಬೇಕು, ನನಗೆ ನೆಲದ ಮೇಲೆ ಎರಡು ಕಾಲು ಸಾಕು ಎಂದು ಮೆಂಬರುಗಳ ಎದುರಿಗೇ ಹೇಳಿ ನಗಿಸುತ್ತಿದ್ದ. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಎನಿಸುತ್ತಿತ್ತು. ಯಾರ ಅನ್ನ ಉಳಿಸಲು ಮರ್ಯಾದೆ ಕಳಕೊಂಡರೋ ಅವನೇ ಊರೆಲ್ಲ ಡಂಗುರ ಸಾರುತ್ತಿದ್ದಾನೆ ಎಂದು ಹೊಟ್ಟೆ ಉರಿಯುತ್ತಿತ್ತು. ಸಾಹೇಬ್ರು ಸಂಜೆಗೆ ಕಣಕ್ಕೆ ಹೋಗುವುದನ್ನು ಬಿಡಲಿಲ್ಲ. ನಿವೃತ್ತಿಯಾಗಿ ಧಾರವಾಡಕ್ಕೆ ಹೊರಟ ದಿನ, ಸಾಮಾನು ತುಂಬಿದ ಲಾರಿಯ ಸುತ್ತ ಅಡ್ಡಾಡುತ್ತ, ಒಂದೇ ಒಂದು ಸಲ ಬಾಯಿಬಿಟ್ಟರು.

“ಬಾಕಿ ಮಂದಿ ನಕ್ಕದ್ದು ಏನೂ ಅನಸಲಿಲ್ರಿ. ಅಂವಾ ನಕ್ಕದ್ದು ಮಾತ್ರ ಇಲ್ಲಿ ಹತ್ತಿತು.” ಎದೆಯ ಮೇಲೆ ಕೈಯಿಡಲು ಹೋಗಿ, ಅಂಗಿಯ ಜೇಬು ತಡಕಿದಂತೆ ಮಾಡಿ, ಲಾರಿ ಹತ್ತಿದರು.

ಆಮೇಲೆ ಧಾರವಾಡಕ್ಕೆ ಎರಡು ಮೂರು ಸಲ ಹೋಗಿ ಅವರನ್ನು ನೋಡಿ ಬಂದೆ. ಬಸ್ತ್ಯಾಂವನ ಮಾತು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಸಾವಿನ ಸುದ್ದಿಯನ್ನು ಅವನಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಇಷ್ಟು ವರ್ಷ ಕಟ್ಟಿಕೊಂಡ ಬಾಯಿ ಇನ್ನು ಬಿಚ್ಚಬಹುದು, ಬಿಚ್ಚಿಯೇ ಬಿಡುತ್ತೇನೆ, ಅವನಿಗೂ ಸ್ವಲ್ಪ ಉರಿಯಲಿ ಎಂದುಕೊಂಡೇ ಹೋದೆ. ಮೈದಾನದಲ್ಲಿ ಈಗ ಆಟ ನಿಂತಿದೆ. ಬ್ರೌನುಗಳಲ್ಲಿ ಹುಲ್ಲು ಹುಟ್ಟಿದೆ. ಹಳ್ಳ ದಾಟಿದರೆ ಕಣದಲ್ಲಿ ಭತ್ತ ತುಳಿಸುತ್ತಿದ್ದರು. ಬಸ್ತ್ಯಾಂವನ ತಲೆ ಪೂರ್ತಿ ಬೆಳ್ಳಗಾಗಿದೆ. ಸುದ್ದಿ ಕೇಳಿ ಎತ್ತು ನಿಲ್ಲಿಸಿದ. ತಲೆಯ ವಸ್ತ್ರ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ನನಗೆ ಚಾಪೆ ಹಾಸಿದ.

ನಾನು ಸಭೆಯ ಮಾತು ಎತ್ತಿದೆ. ಅವತ್ತು ಸಾಹೇಬ್ರು ಹೇಳಿದ ನಲವತ್ತು ಮೀಟರ್ ಇದೆಯಲ್ಲ ಎನ್ನುವಷ್ಟರಲ್ಲಿ ಅವನು ನನ್ನನ್ನು ತಡೆದ.

“ಗೊತ್ತೈತ್ರಿ. ಕಲ್ಲು ನಮ್ಮಪ್ಪನ ಕಾಲದಿಂದ ನಮಗ ಗೊತ್ತು. ಅವತ್ತ ಸಂತಿಯಿಂದ ಬಂದಾಗ ಅದರ ಸುತ್ತ ಸಾಹೇಬ್ರ ಮೊಳಿ ಹೊಡದ ಬೂಟಿನ ಗುರುತು ಇದ್ವು. ನನ್ನ ಕಥಿ ಮುಗೀತು ಅಂತ ತಿಳಿದಿದ್ದೆ. ಸಭಾದಾಗ ಅವರು ಹಿಂಗ ಹೇಳಿದ್ರು ಅಂತ ಕೇಳಿದಾಗ ಎಲ್ಲಾ ತಿಳೀತು.”

ಮತ್ತೆ ಯಾಕೆ ಹಾಗೆ ನಕ್ಕೆ, ಊರೆಲ್ಲ ಆಡಿಕೊಂಡೆ ಎಂದು ಕೇಳಿದೆ. ನನ್ನ ದನಿ ಏರಿತ್ತು.

“ನಾ ನಗದಿದ್ರ ಮಂದಿ ಯಾಕ ಅಂತ ಕೇಳತಿದ್ರು. ಮತ್ತ ಅವರಿಗೂ, ನನಗ ಗೊತ್ತಾಗೇತಿ ಅಂತ ತಿಳಿದಿದ್ರ, ನನ್ನ ಮಾರಿ ನೋಡ್ಲಿಕ್ಕೆ ಆಗದ ಆಟ ಬಿಡತಿದ್ರು. ಬೈಸಿಕೊಳ್ಳಾಕ ಬರ್ತಿದ್ರಲ್ರಿ ಅವರು. ಅದಕ್ಕ ಬೈಕೋತ ಇದ್ದೆ.”

ಎತ್ತುಗಳು ನಿಂತಲ್ಲೇ ಹುಲ್ಲಿಗೆ ಬಾಯಿ ಹಾಕಿದ್ದವು. ಅವನು ಅವುಗಳ ಕಡೆ ನೋಡುತ್ತಿದ್ದ, ಓಡಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

“ಮಾಸ್ತರ್ರ, ನನಗ ಗೊತ್ತೈತಿ ಅಂತ ಅವರಿಗೆ ಗೊತ್ತಿತ್ತೇನ್ರಿ?”

ಲಾರಿಯ ಹತ್ತಿರ ಅಂಗಿಯ ಜೇಬು ತಡಕಿದ ಆ ಕೈ ನೆನಪಾಯಿತು. “ಗೊತ್ತಿತ್ತು” ಎಂದೆ.

“ಹಂಗಾದ್ರ ಆತು ಬಿಡ್ರಿ” ಎಂದು ಅವನು ಬಾರುಕೋಲು ಎತ್ತಿಕೊಂಡ.